ನರ ಅಂದರೆ ಯಾವುದು

ಹುಸೇನಬಿ, ದಾರ ಕತ್ತರಿಸುತ್ತ ತಲೆಯೆತ್ತದೆ ಕೇಳಿದೆಯಲ್ಲ,
"ಮಾಸ್ತರೇ, ಲೇಸರ್ ಮಾಡಿಸ್ಕೊಂಡ್ರಲ್ಲ, ಆರಾಮಾತೇನು?"
ಹೂಂ ಅಂದೆ. ಹೊರಗೆ ಲೋಡಿನ ಆಟೋ ಹಾರನ್ ಹೊಡೆಯುತ್ತಿತ್ತು.
ಆ ಹೂಂ ಅರ್ಧ ಅಳತೆ.
ಉಳಿದದ್ದು ಈಗ.

ಇಪ್ಪತ್ತಾರು ವರ್ಷ ಈ ಕಟಿಂಗ್ ಟೇಬಲ್ಲಿಗೆ ಹೊಟ್ಟೆ ಆನಿಸಿ ನಿಂತವನು.
ನಲವತ್ತು ಪದರ ಡೆನಿಮ್ ಒಂದೇ ಸಲ ಕೊಯ್ಯುವಾಗ
ಕೈ ಅಲುಗಬಾರದೆಂದು ಕಾಲನ್ನು ನೆಲಕ್ಕೆ ಹೊಲಿದಿಟ್ಟಿದ್ದೆ.
ಇಳಿದ ರಕ್ತ ಏರುವುದನ್ನು ಮರೆತು
ಮೀನಖಂಡದ ಮೇಲೆ ಹುರಿಹುರಿಯಾಗಿ ಕೂತಿತು,
ನೀಲಿ, ಇನ್ನೂ ಒಗೆಯದ ಬಟ್ಟೆಯ ನೀಲಿ.
ಕಣಕಾಲಿನ ಹತ್ತಿರ ಹುಣ್ಣು. ಎಂಟಾಣೆಯಷ್ಟು. ಎಂಟು ತಿಂಗಳು.

ಸಂಗಂ ಸರ್ಕಲ್ಲಿನಾಚೆಯ ಆಸ್ಪತ್ರೆಯಲ್ಲಿ
ಡಾಕ್ಟರು ಕಾಗದದ ಮೇಲೆ ಒಂದು ಕಾಲು ಬರೆದರು:
ಒಳಗೆ ದಾರದಂಥ ತಂತಿ, ಅದರ ತುದಿಗೆ ಬೆಳಕು,
ಕೆಟ್ಟ ನರ ಸುಟ್ಟು ಮುಚ್ಚುತ್ತದೆ, ಸಂಜೆಗೆ ಮನೆಗೆ.
ಮುಂಡರಗಿಯ ವಾಶಿಂಗ್ ಯೂನಿಟ್ಟಿಗೆ ಬಂದಿದೆಯಲ್ಲ ಮಿಶಿನ್ನು,
ಹೊಸ ಪ್ಯಾಂಟಿನ ತೊಡೆ ಸುಟ್ಟು ಹತ್ತು ವರ್ಷ ಹಳೆಯದು ಮಾಡೋದು,
ಅದೇ ಬೆಳಕಾ ಸಾರ್ ಅಂದೆ. ನಕ್ಕರು.
ಸಹಿ ಹಾಕುವ ಹಾಳೆಯಲ್ಲಿ ಹನ್ನೊಂದು ಸಾಲು ಸಣ್ಣಕ್ಷರ.
ಕನ್ನಡಕ ಈ ಟೇಬಲ್ಲಿನ ಮೇಲೇ ಬಿಟ್ಟು ಹೋಗಿದ್ದೆ.

ಮೊದಲು ತೊಡೆಯ ಒಳಬದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು.
ಆಮೇಲೆ ಮುಚ್ಚಿದ ನರ ಚರ್ಮದಡಿ ಲಾಡಿಯ ಹಾಗೆ ಗಟ್ಟಿಯಾಗಿ
ಮೊಣಕಾಲು ಚಾಚಿದರೆ ಯಾರೋ ಜಗ್ಗಿ ಕಟ್ಟಿದಂತೆ.
ಒಂದು ರಾತ್ರಿ ಮೀನಖಂಡ ಊದಿ ಬಿಸಿಯಾಯಿತು,
ರುಕ್ಮಾಬಾಯಿ ಆಟೋ ಹಿಡಿದಳು.
ಜೆಲ್ಲಿ ಸವರಿ ಸ್ಕ್ಯಾನು ಹಿಡಿದ ಹುಡುಗ ಡಾಕ್ಟರು
"ಹೆಪ್ಪು ಪುಪ್ಪುಸಕ್ಕೆ ಹೋದ್ರೆ ಕಷ್ಟ" ಅಂದ
ಪರದೆಗೆ, ನನಗಲ್ಲ.
ಹೆಪ್ಪು ಇರಲಿಲ್ಲ. ಮೂರು ಗಂಟೆಗೆ ವಾಪಸು ಬಂದೆವು.

ಮೇ ತಿಂಗಳು. ಬಳ್ಳಾರಿಗೆ ಎರಡೇ ಕಾಲ,
ಬೇಸಿಗೆ ಒಂದು, ಕಡುಬೇಸಿಗೆ ಒಂದು ಅಂತಾರಲ್ಲ,
ನನ್ನ ಕಾಲಿಗೂ ಹಾಗೇ ಹಂಚಿಕೆ ಬಂತು.
ತೊಡೆತನಕ ಬಿಗಿ ಕಾಲುಚೀಲ ಹಾಕಿದ್ದಕ್ಕೆ ಕಡುಬೇಸಿಗೆ.
ಹಗರಿಯಲ್ಲಿ ಇಲ್ಲದ ನೀರು ಆ ಚೀಲದೊಳಗಿತ್ತು.

ಇದೆಲ್ಲ ಹೋಯಿತು. ಹೋಗದ್ದು ಬೇರೆ.
ಕಣಕಾಲಿನ ಮೇಲೆ ಅಂಗೈಯಷ್ಟು ಜಾಗ, ಅದು ನನ್ನದಲ್ಲ.
ಗುಂಡುಸೂಜಿ ಚುಚ್ಚಿದರೆ ಗಿರಾಕಿಯ ಪ್ಯಾಂಟಿಗೆ ಚುಚ್ಚಿದ ಹಾಗೆ.
"ನರಕ್ಕೆ ಕಾವು ತಾಗಿದೆ" ಅಂದರು.
"ನರಾನೇ ಅಲ್ವಾ ಸಾರ್ ನೀವು ಸುಟ್ಟದ್ದು?"
"ಅದು ರಕ್ತನಾಳ. ಇದು ನರ. ಅಂಟಿಕೊಂಡೇ ಇರ್ತಾವೆ."

ನಮ್ಮ ಓಣಿಯಲ್ಲಿ ಎರಡಕ್ಕೂ ಒಂದೇ ಹೆಸರು, ಹುಸೇನಬಿ.
ರಕ್ತ ಹರಿಯುವುದೂ ನರ, ನೋವು ಹರಿಯುವುದೂ ನರ.
ನಾನು ಸಹಿ ಹಾಕಿದ್ದು ಯಾವುದಕ್ಕೆಂದು
ನನ್ನ ಮಾತಿಗೇ ಗೊತ್ತಿರಲಿಲ್ಲ.

ಈಗ ಭಾನುವಾರ ಸ್ನಾನಕ್ಕೆ ಮೊದಲು ಮಾರ್ಕಿಂಗ್ ಚಾಕ್‌ಪೀಸು ಹಿಡಿದು ಕೂರುತ್ತೇನೆ.
ರುಕ್ಮಾ ಸೂಜಿ ಊರುತ್ತ ಬರುತ್ತಾಳೆ,
ಹಾಂ ಅಂದಲ್ಲಿ ಗೆರೆ.
ಆಮೇಲೆ ಟೇಪು. ಆಷಾಢಕ್ಕೆ ನಾಲ್ಕಿಂಚು. ದಸರೆಗೆ ಮೂರೂಮುಕ್ಕಾಲು.
ವಾಸಿಯಾಗಿದ್ದು ಕಾಲಿಂಚೋ, ಗೆರೆಯ ದಪ್ಪವೋ.
ಹೋದ ವಾರ ಇಸ್ತ್ರಿ ಟೇಬಲ್ಲಿನ ಹತ್ತಿರ ಸುಟ್ಟ ಕೂದಲ ವಾಸನೆ ಬಂತು,
ಯಾರದೆಂದು ಸುತ್ತ ನೋಡಿದೆ.
ಹಬೆ ಪೈಪು ನನ್ನ ಕಾಲಿಗೇ ಒರಗಿತ್ತು.

ಆದರೂ ಹುಣ್ಣು ಮಾಯಿತು.
ರಾತ್ರಿ ಕಾಲಿಗೆ ಕಲ್ಲು ಕಟ್ಟಿದ ಭಾರ ಇಲ್ಲ.
ಅದೂ ಲೆಕ್ಕಕ್ಕೆ ಬರಬೇಕು.
ಸೀರೆಯ ಅಂಚು ಎಳೆದು ನೀನು ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ.
ಹೋಗು. ಕನ್ನಡಕ ಮರೆಯಬೇಡ.
ಯಾವ ನರ, ಅದರ ಪಕ್ಕದಲ್ಲಿ ಯಾವ ನರ, ಎರಡು ಸಲ ಕೇಳು.
ಈಗ ಆ ಸ್ಟೂಲು ಈಚೆ ಎಳೆ,
ಮಾಲೀಕ ಬರುವತನಕ
ಕೂತೇ ದಾರ ಕತ್ತರಿಸು.